ಶೆಟ್ಟರ ಗಾಡಿ ನಡುಗಿದ ಕಾರಣ

2009ರಲ್ಲಿ ನಾನು ನವಿ ಮುಂಬಯಿಯ ಸಾನಪಾಡಾದಲ್ಲಿ ಮನೆಯನ್ನೇ ಕಚೇರಿ ಮಾಡಿಕೊಂಡು ಕೆಟ್ಟ ಗಾಡಿಗಳನ್ನು ಪರೀಕ್ಷಿಸಿ ವರದಿ ಕೊಡುವ ಸ್ವತಂತ್ರ ವಾಹನ ಸರ್ವೇಯರ್ ಆಗಿದ್ದೆ. ಅದಕ್ಕೆ ಮೊದಲು ಒಂದು ವಾಹನ ಕಾರ್ಖಾನೆಯ ಫೀಲ್ಡ್ ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ದುಡಿದು ಸ್ವಯಂನಿವೃತ್ತಿ ಪಡೆದಿದ್ದೆ. ಫೀಲ್ಡ್ ಕ್ವಾಲಿಟಿ ಎಂದರೆ, ಮಾರಿದ ಗಾಡಿ ಕೆಟ್ಟಾಗ ಅದು ಯಾಕೆ ಕೆಟ್ಟಿತು ಎಂದು ಹುಡುಕುವ ಕೆಲಸ. ರಿಪೇರಿ ಬೇರೆಯವರ ಪಾಲಿನದು, ಕಾರಣ ಹೇಳುವುದು ನಮ್ಮ ಪಾಲಿನದು. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ನಮ್ಮ ತರಗತಿಗೆ ನಾನೊಬ್ಬಳೇ ಹುಡುಗಿ. ಡಿಫರೆನ್ಶಿಯಲ್ ಗೇರು ಅಂದರೆ ಏನು ಎಂದು ನನಗೆ ತಿಳಿಸಿಕೊಡಲು ಮುಂದೆ ಬಂದ ಗಂಡಸರನ್ನು ಅಂದಿನಿಂದಲೂ ನೋಡುತ್ತಲೇ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಅದರ ಕಾಗುಣಿತವೂ ಬರುತ್ತಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಡೊಂಬಿವಲಿಯಿಂದ ವಿಠಲ ಶೆಟ್ಟರ ಫೋನ್ ಬಂತು. ಉಡುಪಿ ಕಡೆಯವರು, ಡೊಂಬಿವಲಿ ಪೂರ್ವದಲ್ಲಿ ಎರಡು ಹೋಟೆಲುಗಳ ಮಾಲೀಕರು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರಾದ್ದರಿಂದ ಪರಿಚಯವಿತ್ತು. ಅವರ ಹೋಟೆಲಿನ ಇಡ್ಲಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರಿದ್ದದ್ದು ಅವರು ಕೊಂಡಿದ್ದ ಗಾಡಿಯ ಬಗ್ಗೆ. ಎತ್ತರದ, ಬೆಳ್ಳಗಿನ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಫೋರ್ ವ್ಹೀಲ್ ಡ್ರೈವ್. ಬೆಟ್ಟ ಹತ್ತಲು, ಹೊಳೆ ದಾಟಲು ಮಾಡಿದ ಗಾಡಿಯನ್ನು ಇವರು ವಾಶಿಯ ಮಾರ್ಕೆಟ್ಟಿನಿಂದ ತೆಂಗಿನಕಾಯಿ ತರಲು ಇಟ್ಟುಕೊಂಡಿದ್ದರು. ಬದಲಾಪುರದ ಆಚೆ ಬಂಗಲೆ ಕಟ್ಟಿಸಬೇಕೆಂದು ಒಂದು ಜಾಗ ಕೊಂಡಿದ್ದರು. ಅಲ್ಲಿಗೆ ಹೋಗಲು ಬೇಕು ಎಂಬುದು ನೆಪ.

“ಮೇಡಂ, ನಿಮ್ಮಿಂದ ಒಂದು ರಿಪೋರ್ಟ್ ಆಗ್ಬೇಕಿತ್ತು,” ಎಂದರು ಶೆಟ್ಟರು. “ಗಾಡಿ ಎದುರಿಂದ ನಡುಗ್ತದೆ. ಅಡಿಯಿಂದ ಆಯಿಲ್ ಸೋರ್ತದೆ. ಎಲ್ಲ ಡ್ರೈವರ್ ಹಾಳು ಮಾಡಿದ್ದು. ಅಷ್ಟು ಬರ್ದು ಸೈನ್ ಹಾಕಿ ಕೊಟ್ರೆ ಸಾಕು.”

“ಗಾಡಿ ನೋಡದೆ ಹೇಗೆ ಬರೆಯಲಿ ಶೆಟ್ಟರೆ?”

“ನೋಡ್ಬೇಡಿ ಅಂತ ಯಾರು ಹೇಳಿದ್ರು ಮಾರಾಯ್ರೆ? ನೋಡಿಯೇ ಬರೀರಿ.”

ತೀರ್ಪು ಮೊದಲೇ ಸಿದ್ಧ, ವಿಚಾರಣೆ ಮಾತ್ರ ಬಾಕಿ. ಇಂಥ ಫೋನ್‌ಗಳು ನನಗೆ ಹೊಸದಲ್ಲ. ಆದರೆ ತಮ್ಮದೇ ಡ್ರೈವರನ್ನು ಕೆಲಸದಿಂದ ಬಿಡಿಸಲು ಮಾಲೀಕರಿಗೆ ಎಂಜಿನಿಯರಿನ ಸಹಿ ಯಾಕೆ ಬೇಕು ಎಂಬುದು ಅರ್ಥವಾಗಲಿಲ್ಲ. ಕೇಳಿದೆ. ಸುತ್ತಿಬಳಸಿ ಹೇಳಿದರು. ಡ್ರೈವರ್ ಮಲ್ಲಪ್ಪ ಮೊದಲು ಕಲ್ಯಾಣದಲ್ಲಿರುವ ಅವರ ಭಾವನ ಬಳಿ ಇದ್ದವನು. ಭಾವನವರು ವಯಸ್ಸಾಗಿ ತಿರುಗಾಟ ನಿಲ್ಲಿಸಿದಾಗ “ಇವನು ನಮ್ಮ ಮನೆಯವನ ಹಾಗೆ, ನೀನು ನೋಡಿಕೊ” ಎಂದು ಒಪ್ಪಿಸಿದ್ದರು. ಭಾವ ಕಳುಹಿಸಿದವನನ್ನು ಹಾಗೆಯೇ ತೆಗೆದರೆ ಹೆಂಡತಿಯ ತವರಿನಲ್ಲಿ ಮಾತು ಬರುತ್ತದೆ. ಕಾಗದ ತೋರಿಸಿದರೆ ಬರುವುದಿಲ್ಲ. ಅಂದರೆ ನನ್ನ ಮೂವತ್ತು ವರ್ಷದ ವಿದ್ಯೆ ಬೇಕಾಗಿದ್ದುದು ಒಬ್ಬ ಭಾವನ ಬಾಯಿ ಮುಚ್ಚಿಸಲು.

ಮರುದಿನ ಡೊಂಬಿವಲಿಗೆ ಹೋದೆ. ಗಾಡಿ ಹೋಟೆಲಿನ ಹಿಂದಿನ ಅಂಗಳದಲ್ಲಿತ್ತು. ಅದರ ಪಕ್ಕದಲ್ಲಿ ಮಲ್ಲಪ್ಪ ಕೈಕಟ್ಟಿ ನಿಂತಿದ್ದ. ಬಿಜಾಪುರ ಜಿಲ್ಲೆಯವನು, ನಲವತ್ತೈದರ ಆಸುಪಾಸು. ಅದೇ ಅಂಗಳದ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರುಗಳನ್ನಿಡುವ ಜಾಗಕ್ಕೆ ಒತ್ತಿಕೊಂಡಂತೆ, ಅವನಿಗೆ ಕೊಟ್ಟ ಒಂದು ಕೋಣೆ. ಹೆಂಡತಿ, ಮಗಳು, ಅವನು ಮೂವರೂ ಅದರಲ್ಲೇ. ಬಾಗಿಲ ಬಳಿ ಮಗಳು ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಹತ್ತನೆಯ ತರಗತಿ, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಕೆಲಸ ಹೋದರೆ ಕೋಣೆಯೂ ಅದೇ ದಿನ ಹೋಗುತ್ತದೆ ಎಂಬುದನ್ನು ಯಾರೂ ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನವೆಂಬರಿನಲ್ಲಿ ಬೀದಿಗೆ ಬಿದ್ದ ಹುಡುಗಿ ಮಾರ್ಚಿನಲ್ಲಿ ಯಾವ ಪರೀಕ್ಷೆ ಬರೆದಾಳು? ಶೆಟ್ಟರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವರ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೆ.

ಗಾಡಿಯ ಚರಿತ್ರೆ ಹೀಗಿತ್ತು. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚಿನ ಸರ್ವಿಸ್ ಆಗಿದೆ. ಆಗ ಗಾಡಿಯಲ್ಲಿ ದೋಷವಿರಲಿಲ್ಲ. ಜುಲೈಯಲ್ಲಿ ಶೆಟ್ಟರು ಬದಲಾಪುರದ ಜಾಗಕ್ಕೆ ಹೋಗಿ ಬಂದರು. ಅಲ್ಲಿಂದ ಬಂದ ಮೇಲೆ ವೇಗ ಅರವತ್ತು ದಾಟಿದರೆ ಗಾಡಿಯ ಮುಂಭಾಗ ನಡುಗಲು ಶುರುವಾಯಿತು. ಒಂದೆರಡು ವಾರದಲ್ಲಿ ಮುಂದಿನ ಚಕ್ರಗಳ ಅಚ್ಚಾದ ಆಕ್ಸಲಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕತೊಡಗಿತು. ಮೇಯಲ್ಲಿ ಸರ್ವಿಸ್ ಮಾಡಿದ್ದ, ಕಲ್ಯಾಣ–ಶಿಳ್ ರಸ್ತೆಯ ಒಂದು ದೊಡ್ಡ ಅಧಿಕೃತ ವರ್ಕ್‌ಶಾಪಿಗೆ (ಹೆಸರು ಬೇಡ, ಇವತ್ತಿಗೂ ಬಾಗಿಲಲ್ಲಿ ಗಾಜು ಥಳಥಳ ಎನ್ನುತ್ತದೆ) ಗಾಡಿ ಮತ್ತೆ ಮತ್ತೆ ಹೋಯಿತು. ಪ್ರತಿ ಸಲವೂ ಅವರು ಚಕ್ರದ ತೂಕ ಸರಿದೂಗಿಸುವ ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿದರು, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯನ್ನು, ಅಂದರೆ ಆಯಿಲ್ ಸೀಲನ್ನು, ಹೊಸದು ಹಾಕಿದರು. ಪ್ರತಿ ಸಲವೂ ಸ್ವಲ್ಪ ದಿನಕ್ಕೆ ಹೊಸ ಸೀಲೂ ಸೋರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆ ಹಾಕಿ ಹಾಕಿ ಸುಸ್ತಾದ ಮೇಲೆ ವರ್ಕ್‌ಶಾಪಿನವರು ತಮ್ಮ ಕೊನೆಯ ಅಸ್ತ್ರ ತೆಗೆದರು: ಡ್ರೈವರ್ ಸರಿಯಿಲ್ಲ.

ಈ ಅಸ್ತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಂಬಯಿ ಸುತ್ತಮುತ್ತ ಮಾಲೀಕ ಬೇರೆ, ಡ್ರೈವರ್ ಬೇರೆ ಇರುವ ಯಾವುದೇ ಗಾಡಿಯಲ್ಲಿ ಕಾರಣ ತಿಳಿಯದ ದೋಷ ಬಂದರೆ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಮಾಲೀಕರನ್ನು ಒಂದು ಬದಿಗೆ ಕರೆದು, ದನಿ ತಗ್ಗಿಸಿ, ಡ್ರೈವರನ ಹೆಸರು ಹೇಳುತ್ತಾನೆ. ಮಾಲೀಕ ತಲೆಯಾಡಿಸುತ್ತಾನೆ. ಯಾಕೆಂದರೆ ತನ್ನ ಗಾಡಿ ಕೆಟ್ಟದ್ದು ಎಂದು ಒಪ್ಪಿಕೊಳ್ಳುವುದಕ್ಕಿಂತ ತನ್ನ ಆಳು ಕೆಟ್ಟವನು ಎಂದು ಒಪ್ಪಿಕೊಳ್ಳುವುದು ಸುಲಭ. ಕುಣಿಯಲಾರದವಳು ನೆಲ ಡೊಂಕು ಎಂದರೆ ಜನ ನಗುತ್ತಾರೆ, ಮೆಕ್ಯಾನಿಕ್ ಕೆಲಸ ಬಾರದವನು ಡ್ರೈವರ್ ಡೊಂಕು ಎಂದರೆ ಯಾರೂ ನಗುವುದಿಲ್ಲ.

ಅಂಗಳದಲ್ಲಿ ನಾನು ಮೊದಲು ಮಾಡಿದ್ದು ಮುಂದಿನ ಚಕ್ರಗಳ ನಡುಭಾಗ ನೋಡಿದ್ದು. ಈ ಬಗೆಯ ಗಾಡಿಗಳಲ್ಲಿ ಮುಂದಿನ ಚಕ್ರದ ನಟ್ಟನಡುವೆ ಕೈಯಿಂದ ತಿರುಗಿಸುವ ಒಂದು ಬಿರಡೆ ಇರುತ್ತದೆ, ಹಬ್ ಎನ್ನುತ್ತಾರೆ. ಅದರಲ್ಲಿ ‘ಫ್ರೀ’, ‘ಲಾಕ್’ ಎಂಬ ಎರಡು ಗುರುತು. ಫ್ರೀ ಇದ್ದಾಗ ಮುಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ. ಅದರ ಹಿಂದಿನ ಆಕ್ಸಲ್, ಗೇರು, ಉದ್ದದ ಪ್ರಾಪೆಲ್ಲರ್ ಶಾಫ್ಟ್ ಎಲ್ಲ ಮಲಗಿರುತ್ತವೆ. ಲಾಕ್ ಮಾಡಿದರೆ ಚಕ್ರದೊಂದಿಗೆ ಇವೆಲ್ಲವೂ ತಿರುಗುತ್ತವೆ. ಕೆಸರಿನಲ್ಲಿ ನಾಲ್ಕೂ ಚಕ್ರದ ಎಳೆತ ಬೇಕಾದಾಗ ಇಳಿದು ಲಾಕ್ ಮಾಡಬೇಕು, ಡಾಂಬರಿಗೆ ಬಂದ ಮೇಲೆ ಫ್ರೀ ಮಾಡಬಹುದು. ಶೆಟ್ಟರ ಗಾಡಿಯ ಎರಡೂ ಹಬ್‌ಗಳು ಲಾಕ್‌ನಲ್ಲಿದ್ದವು. ಬಿರಡೆಯ ಸಂದಿನಲ್ಲಿ ಒಣಗಿದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಬದಲಾಪುರದಿಂದ ಬಂದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಷ್ಟು ಸಲ ಚಕ್ರ ಬಿಚ್ಚಿ ಬ್ಯಾಲೆನ್ಸ್ ಮಾಡಿದ ವರ್ಕ್‌ಶಾಪಿನವರಿಗೆ ಇದು ಕಂಡಿರಲಿಲ್ಲ. ಕಣ್ಣಿದ್ದರೆ ತಾನೆ?

“ಇದನ್ನು ಲಾಕ್ ಮಾಡಿದ್ದು ಯಾರು?” ಎಂದು ಕೇಳಿದೆ.

ಮಲ್ಲಪ್ಪ ಶೆಟ್ಟರ ಕಡೆ ನೋಡಿದ. “ನಾನ ರೀ,” ಎಂದ.

“ವಾಪಸ್ ಫ್ರೀ ಯಾಕೆ ಮಾಡಲಿಲ್ಲ?”

ಅವನು ಮತ್ತೆ ಶೆಟ್ಟರ ಕಡೆಗೇ ನೋಡಿದ. ಶೆಟ್ಟರು ನನ್ನ ಕಿವಿಯ ಹತ್ತಿರ ಬಂದು, “ನೋಡಿದ್ರಾ? ಇದನ್ನು ದಪ್ಪ ಅಕ್ಷರದಲ್ಲಿ ಬರೀರಿ,” ಎಂದರು. ಅವರ ಮುಖದಲ್ಲಿ ಹಬ್ಬದ ಕಳೆ ಬಂದಿತ್ತು.

ನಾನು ಏನೂ ಬರೆಯಲಿಲ್ಲ. ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ, ಆಮೇಲೆ ಕಳಂಬೋಲಿಯಲ್ಲಿ ಪರಿಚಯದ ಒಂದು ಲಾರಿ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಅಡಿಯಿಂದ ನೋಡಬೇಕು ಎಂದೆ. ಶೆಟ್ಟರು ಒಪ್ಪಿದರು. ಸಾಕ್ಷಿಗೆ ಇರಲಿ ಎಂದು ವರ್ಕ್‌ಶಾಪಿನ ಅಡ್ವೈಸರನ್ನೂ ಬರಹೇಳಿದರು.

ಅಡ್ವೈಸರನ ಹೆಸರು ನಿಶಾಂತ್. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ನಮ್ಮವರ ಮಗ; ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಕುತ್ತಿಗೆಗೆ ಕಂಪನಿಯ ಟೈ, ಕಿಸೆಯಲ್ಲಿ ಮೂರು ಪೆನ್ನು, ಉಗುರಿನ ಸಂದಿನಲ್ಲಿ ಒಂದು ಚುಕ್ಕೆ ಗ್ರೀಸಿಲ್ಲ. ನಾನು ಗಾಡಿಯ ಬಗ್ಗೆ ಕೇಳಿದ ಮೊದಲ ಪ್ರಶ್ನೆಗೇ ಅವನು ಶೆಟ್ಟರ ಕಡೆ ತಿರುಗಿ, “ಅಂಕಲ್, ಯೇ ಥೋಡಾ ಟೆಕ್ನಿಕಲ್ ಮ್ಯಾಟರ್ ಹೈ,” ಎಂದ. ಇದು ಟೆಕ್ನಿಕಲ್ ವಿಷಯ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಎದುರಿನವನು ತನ್ನ ಗುಂಡಿ ತಾನೇ ತೋಡಲು ಕೂತ ಎಂದು ಅರ್ಥ.

ಪಾಮ್ ಬೀಚ್ ರಸ್ತೆಗೆ ಹೋದೆವು. ವಾಶಿಯಿಂದ ಬೇಲಾಪುರದವರೆಗೆ ಚಪ್ಪಟೆಯಾದ, ನೇರವಾದ ರಸ್ತೆ. ನಡುಕ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಜಾಗ ಆ ಕಡೆ ಇರಲಿಲ್ಲ. ಮಲ್ಲಪ್ಪ ಓಡಿಸಿದ. ನಾನು ಪಕ್ಕದಲ್ಲಿ ಕೂತು ಚಪ್ಪಲಿ ಬಿಚ್ಚಿ ಬರಿಗಾಲನ್ನು ಗಾಡಿಯ ನೆಲದ ತಗಡಿನ ಮೇಲೆ ಊರಿದೆ. ಹಿಂದಿನ ಸೀಟಿನಿಂದ ನಿಶಾಂತ್ ಕಿಸಕ್ ಎಂದದ್ದು ಕೇಳಿಸಿತು. ನಗಲಿ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನಡುಕ ಸ್ಟೇರಿಂಗಿನಲ್ಲಿ ಬರುತ್ತದೆ, ಕೈಗೆ ತಿಳಿಯುತ್ತದೆ. ಅಡಿಯಲ್ಲಿ ತಿರುಗುವ ಶಾಫ್ಟಿನ ದೋಷವಾದರೆ ಕಾಲಿಗೆ ತಿಳಿಯುತ್ತದೆ, ಅದು ಸಣ್ಣಗೆ, ಬೇಗ ಬೇಗ ಝುಂಯ್‌ಗುಟ್ಟುವ ನಡುಕ. ಇದಕ್ಕೆ ಯಂತ್ರ ಬೇಕಿಲ್ಲ, ಚಪ್ಪಲಿ ಬಿಚ್ಚುವ ವಿನಯ ಬೇಕು.

ಅರವತ್ತು ದಾಟಿತು. ಮಲ್ಲಪ್ಪನ ಕೈಯಲ್ಲಿ ಸ್ಟೇರಿಂಗ್ ಹೆಚ್ಚು ಕಡಿಮೆ ಸ್ಥಿರವಾಗಿತ್ತು, ನನ್ನ ಅಂಗಾಲು ಮಾತ್ರ ಜುಮ್ಮೆನ್ನುತ್ತಿತ್ತು. ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡಲು ಹೇಳಿದೆ. ಎಂಜಿನ್ನಿನ ಸದ್ದು ತಗ್ಗಿದರೂ ನಡುಕ ಹಾಗೇ ಇತ್ತು. ಹಾಗಾದರೆ ಎಂಜಿನ್ನಲ್ಲ, ಕ್ಲಚ್ಚಲ್ಲ. ಬದಿಗೆ ನಿಲ್ಲಿಸಿ ಎರಡೂ ಹಬ್ ಫ್ರೀ ಮಾಡಿಸಿದೆ. ಮಣ್ಣು ಕೆರೆದು, ಒದ್ದೆ ಬಟ್ಟೆ ಸುತ್ತಿ ತಿರುಗಿಸಬೇಕಾಯಿತು. ಮತ್ತೆ ಅದೇ ರಸ್ತೆ, ಅದೇ ವೇಗ. ನಡುಕವಿಲ್ಲ. ಎಂಬತ್ತರಲ್ಲೂ ಇಲ್ಲ. ಗಾಡಿ ಎಣ್ಣೆ ಹಚ್ಚಿದ ಹಾಗೆ ಸರಾಗವಾಗಿ ಹೋಯಿತು.

“ದೇಖಾ?” ಎಂದು ನಿಶಾಂತ್ ಮುಂದಕ್ಕೆ ಬಾಗಿದ. “ಹಬ್ ಲಾಕ್ ರಖಾ ಥಾ. ಡ್ರೈವರ್ ಕೀ ಗಲ್ತೀ. ಹಮ್ನೆ ಪೆಹಲೇ ಹೀ ಬೋಲಾ ಥಾ.” ಡ್ರೈವರನ ತಪ್ಪೆಂದು ಮೊದಲೇ ಹೇಳಿದ್ದರಂತೆ! ಆ ಹಬ್ಬು ಎಂಬುದೊಂದಿದೆ ಎಂದು ಅವನಿಗೆ ಗೊತ್ತಾದದ್ದೇ ಆ ಗಳಿಗೆಯಲ್ಲಿ.

ಶೆಟ್ಟರು ಹಿಂದಿನಿಂದ ಮಲ್ಲಪ್ಪನ ಭುಜಕ್ಕೆ ಬೆರಳಿನಿಂದ ಚುಚ್ಚಿ, “ಏನೋ, ಈಗ ಎಂತ ಹೇಳ್ತೀ?” ಎಂದರು. ಮಲ್ಲಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕನ್ನಡಿಯಲ್ಲಿ ಅವನ ಮುಖ ಬಿಳಿಚಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಕೆಲಸದಲ್ಲಿ ಅರ್ಧ ಪರೀಕ್ಷೆಯ ಮೇಲೆ ಬಾಯಿ ತೆರೆಯುವುದು ನಿಶಾಂತನ ಜಾತಿಗೆ ಸೇರಿದ ಹಾಗೆ. ಹಬ್ ಲಾಕ್ ಮಾಡಿ ಓಡಿಸಿದರೆ ಗಾಡಿ ನಡುಗಬೇಕೆಂದು ಎಲ್ಲಿ ಬರೆದಿದೆ? ಲಾಕ್ ಮಾಡಿ ಓಡಿಸಲೆಂದೇ ಆ ಆಕ್ಸಲನ್ನು ಮಾಡಿರುತ್ತಾರೆ. ವರ್ಷವಿಡೀ ಲಾಕ್ ಇಟ್ಟರೂ ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯಬಹುದು, ಅಷ್ಟೆ. ಲಾಕ್ ಮಾಡಿದಾಗ ತಿರುಗುವ ಯಾವುದೋ ಒಂದು ಭಾಗದಲ್ಲಿ ದೋಷವಿದೆ, ಫ್ರೀ ಇದ್ದಾಗ ಆ ದೋಷ ಮಲಗಿತ್ತು ಎಂಬುದಷ್ಟೇ ಇಲ್ಲಿಯವರೆಗೆ ಸಾಬೀತಾದದ್ದು. ಮತ್ತೆ ಲಾಕ್ ಮಾಡಿಸಿ, ಆಕ್ಸಲ್ ಚೆನ್ನಾಗಿ ಬಿಸಿಯಾಗಲಿ ಎಂದು ಬೇಲಾಪುರ ದಾಟಿ ಕಳಂಬೋಲಿಯವರೆಗೂ ಹಾಗೇ ಓಡಿಸಿಕೊಂಡು ಹೋದೆವು.

ಕಳಂಬೋಲಿ ಎಂದರೆ ಕಬ್ಬಿಣದ ಪೇಟೆ, ಸರಳು ಹೊತ್ತ ಟ್ರೇಲರುಗಳ ಸಾಲು. ಅವುಗಳನ್ನು ನಂಬಿಕೊಂಡ ಗ್ಯಾರೇಜುಗಳಲ್ಲಿ ಗಾಜಿನ ಬಾಗಿಲಿಲ್ಲ, ಕಾಫಿ ಮೆಷಿನ್ನಿಲ್ಲ. ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ, ಒಂದು ದೀಪ, ಉಪಕರಣ. ಗ್ಯಾರೇಜಿನ ಮಾಲೀಕ ಪಂಜಾಬಿ ಸರದಾರರು. ನನ್ನ ಕಾರ್ಖಾನೆಯ ದಿನಗಳಿಂದ ಪರಿಚಯ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆವು. ನಾನು ಸೀರೆಯ ಮೇಲೆ ಹಳೆಯ ಏಪ್ರನ್ ಕಟ್ಟಿಕೊಂಡು ಕೆಳಗಿಳಿದೆ. ಶೆಟ್ಟರೂ ಇಳಿದರು. ನಿಶಾಂತ್ ಟೈ ಎತ್ತಿ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತ.

ದೀಪ ಎತ್ತಿ ಹಿಡಿದು ಮೇಲೆ ನೋಡಿದೆ. ಗಾಡಿಯ ಹೊಟ್ಟೆ ಇಡೀ ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

“ಹೇಗುಂಟು ಮೇಡಂ?” ಶೆಟ್ಟರು ಎದೆಯುಬ್ಬಿಸಿ ಕೇಳಿದರು. “ಅಡಿಭಾಗ ಇಷ್ಟು ಕ್ಲೀನ್ ಇರುವ ಗಾಡಿ ಡೊಂಬಿವಲಿಯಲ್ಲಿ ಬೇರೆ ಇಲ್ಲ.”

ಇದು ಈ ಊರುಗಳ ಒಂದು ಪದ್ಧತಿ. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ತುಕ್ಕು ಹಿಡಿಯದಿರಲೆಂದು ಡಾಂಬರಿನಂಥ ಕಪ್ಪು ಲೇಪವನ್ನು ಪಿಚಕಾರಿಯಿಂದ ಚಿಮುಕಿಸುತ್ತಾರೆ. ಥಾಣೆಯಿಂದ ಪನವೇಲ್‌ವರೆಗೆ ಮೇ ತಿಂಗಳಲ್ಲಿ ಪ್ರತಿ ವರ್ಕ್‌ಶಾಪಿನ ಮುಂದೂ ಇದರ ಬ್ಯಾನರ್ ತೂಗುತ್ತದೆ. ಲೇಪ ಕೆಟ್ಟದ್ದೇನಲ್ಲ, ತಗಡಿಗೆ ಹಾಕಿದರೆ ಒಳ್ಳೆಯದೇ. ಆದರೆ ತಿರುಗುವ ಶಾಫ್ಟಿಗೆ, ಜಾಯಿಂಟಿಗೆ, ಗಾಳಿಯ ತೂತುಗಳಿಗೆ ಬೀಳದಂತೆ ಮೊದಲು ಕಾಗದ ಸುತ್ತಿ ಮುಚ್ಚಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ಅದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಗಿರಾಕಿಗೆ ಬೇಕಾದದ್ದು ಬಗ್ಗಿ ನೋಡಿದರೆ ಎಲ್ಲ ಒಂದೇ ಸಮ ಕಪ್ಪಗೆ ಕಾಣುವುದು. ಆದ್ದರಿಂದ ಇವರು ಏನನ್ನೂ ಮುಚ್ಚುವುದಿಲ್ಲ, ಕಂಡದ್ದಕ್ಕೆಲ್ಲ ಬಳಿಯುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ನಮ್ಮ ಹಿರಿಯರು ಈ ಜನರನ್ನು ನೋಡದೆಯೇ ಕಟ್ಟಿದ್ದು ಆಶ್ಚರ್ಯ.

ಮುಂದಿನ ಪ್ರಾಪೆಲ್ಲರ್ ಶಾಫ್ಟಿನ ಮೇಲೆ ಕೈಯಾಡಿಸಿದೆ. ಗೇರ್‌ಬಾಕ್ಸಿನ ಕಡೆಯಿಂದ ಮುಂದಿನ ಆಕ್ಸಲಿಗೆ ಹೋಗುವ ಉದ್ದನೆಯ ಉಕ್ಕಿನ ಕೊಳವೆ ಅದು. ಒಂದು ಮಗ್ಗುಲು ತೆಳ್ಳಗೆ, ಇನ್ನೊಂದು ಮಗ್ಗುಲು ಬೆರಳಿಗೆ ತಡೆಯುವಷ್ಟು ದಪ್ಪ. ಹೇಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಪಿಚಕಾರಿ ಹಿಡಿದವನು ಕೆಳಗೆ ನಿಂತು ಮೇಲಕ್ಕೆ ಹೊಡೆಯುತ್ತಾನೆ, ಶಾಫ್ಟ್ ನಿಂತೇ ಇರುತ್ತದೆ, ಲೇಪವೆಲ್ಲ ಕೆಳಮಗ್ಗುಲಿಗೇ ಬೀಳುತ್ತದೆ. ಕಾರ್ಖಾನೆಯಲ್ಲಿ ಆ ಶಾಫ್ಟನ್ನು ಯಂತ್ರದ ಮೇಲೆ ತಿರುಗಿಸಿ, ತೂಕ ಎಲ್ಲ ಕಡೆ ಸಮನಾಗಲೆಂದು ಉಗುರಿನಷ್ಟು ಸಣ್ಣ ತಗಡಿನ ತುಂಡನ್ನು ಬೆಸೆದು ಕಳುಹಿಸಿರುತ್ತಾರೆ. ಇವರು ಅದರ ಮೇಲೆ ಒಂದು ದೋಸೆ ಹುಯ್ದಿದ್ದರು.

“ಮೇಯಲ್ಲಿ ಬಳಿದದ್ದು ಇಷ್ಟು ಹೊಸದಾಗಿ ಯಾಕೆ ಹೊಳೆಯುತ್ತಿದೆ?” ಎಂದು ನಿಶಾಂತನನ್ನು ಕೇಳಿದೆ.

ಅವನು ಹೆಮ್ಮೆಯಿಂದಲೇ ಹೇಳಿದ: “ಹರ್ ಬಾರ್ ಸೀಲ್ ಚೇಂಜ್ ಕರ್ನೇ ಕೇ ಬಾದ್ ಹಮ್ ಟಚ್-ಅಪ್ ದೇತೇ ಹೈ, ಮ್ಯಾಡಮ್. ಕಾಂಪ್ಲಿಮೆಂಟರಿ.”

ಪ್ರತಿ ಸಲ ಸೀಲು ಬದಲಾಯಿಸಿದ ಮೇಲೆ ಪುಕ್ಕಟೆಯಾಗಿ ಮತ್ತೊಂದು ಕೈ ಬಳಿಯುತ್ತಿದ್ದರು! ರೋಗ ಕೊಟ್ಟ ಮದ್ದನ್ನೇ ಪ್ರತಿ ಭೇಟಿಯಲ್ಲೂ ಪ್ರಸಾದದಂತೆ ಹಂಚುತ್ತಿದ್ದರು. ಒಂದೊಂದು ಸಲ ಶಾಫ್ಟ್ ಒಂದೊಂದು ಮಗ್ಗುಲಲ್ಲಿ ನಿಂತಿರುತ್ತಿತ್ತು. ಹಾಗಾಗಿ ನಡುಕ ಒಮ್ಮೆ ಕಡಿಮೆಯಾಗಿ ಒಮ್ಮೆ ಹೆಚ್ಚಾಗುತ್ತಿತ್ತು. ಕಡಿಮೆಯಾದಾಗ ವರ್ಕ್‌ಶಾಪಿನ ಕೀರ್ತಿ, ಹೆಚ್ಚಾದಾಗ ಮಲ್ಲಪ್ಪನ ಅಪಕೀರ್ತಿ.

ಇನ್ನು ಎಣ್ಣೆಯ ಪ್ರಶ್ನೆ. ಆಕ್ಸಲಿನ ಒಳಗೆ ಗೇರುಗಳು ಎಣ್ಣೆಯಲ್ಲಿ ತಿರುಗಿ ಬಿಸಿಯಾದಾಗ ಒಳಗಿನ ಗಾಳಿ ಉಬ್ಬುತ್ತದೆ. ಅದು ಹೊರಗೆ ಹೋಗಲೆಂದು ಆಕ್ಸಲಿನ ನೆತ್ತಿಯಲ್ಲಿ ಒಂದು ಸಣ್ಣ ಟೋಪಿಯಂಥ ಕಿಂಡಿ ಇರುತ್ತದೆ. ಅದಕ್ಕೆ ಬ್ರೀದರ್ ಎಂದು ಹೆಸರು. ಬೆರಳಿನಿಂದ ಮುಟ್ಟಿದರೆ ಆ ಟೋಪಿ ಸಡಿಲವಾಗಿ ಅಲ್ಲಾಡಬೇಕು. ನಾನು ಆಕ್ಸಲಿನ ಮೇಲೆ ಕೈ ಚಾಚಿ ತಡಕಾಡಿದೆ. ಟೋಪಿ ಸಿಗಲಿಲ್ಲ, ಅದಿರಬೇಕಾದ ಜಾಗದಲ್ಲಿ ಕಪ್ಪು ಗಂಟೊಂದು ಸಿಕ್ಕಿತು.

“ಶೆಟ್ಟರೆ, ಇಲ್ಲಿ ಕಿವಿ ಕೊಡಿ,” ಎಂದೆ. ಸ್ಕ್ರೂಡ್ರೈವರಿನ ತುದಿಯಿಂದ ಆ ಗಂಟನ್ನು ಕೆರೆದು ಮೀಟಿದೆ. ಕುಕ್ಕರಿನ ಹಾಗೆ ‘ಉಸ್ಸ್’ ಎಂದು ಬಿಸಿಗಾಳಿ ಚಿಮ್ಮಿತು. ಅದರ ಜೊತೆಗೆ ಬಂದ ಎಣ್ಣೆಯ ಸಣ್ಣ ತುಂತುರು ಶೆಟ್ಟರ ಬಿಳಿ ಅಂಗಿಯ ಮೇಲೆ ಬಿತ್ತು. ಬೇಕೆಂದೇ ಅಲ್ಲಿ ನಿಲ್ಲಿಸಿದಿರಾ ಎಂದು ಆಮೇಲೆ ಯಾರೋ ಕೇಳಿದ್ದಾರೆ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಇಷ್ಟು ದಿನ ಆ ಗಾಳಿ ಮೇಲೆ ದಾರಿ ಕಾಣದೆ ಸೀಲಿನ ಅಂಚನ್ನು ತಳ್ಳಿಕೊಂಡು, ಎಣ್ಣೆಯನ್ನು ಜೊತೆಗೆ ಕರೆದುಕೊಂಡು ಹೊರಬರುತ್ತಿತ್ತು. ಚಿನ್ನದ ಸೀಲು ಹಾಕಿದ್ದರೂ ಸೋರುತ್ತಿತ್ತು. ಮೇಯಿಂದ ಜುಲೈವರೆಗೆ ಹಬ್ ಫ್ರೀ ಇದ್ದು ಆಕ್ಸಲ್ ಮಲಗಿದ್ದರಿಂದ ಶಾಫ್ಟಿನ ದೋಷವಾಗಲಿ ಕಿಂಡಿಯ ದೋಷವಾಗಲಿ ಹೊರಬೀಳಲಿಲ್ಲ. ಹಬ್ ಲಾಕ್ ಆದ ದಿನ ಎರಡೂ ಒಟ್ಟಿಗೆ ಎದ್ದವು. ಸೀಮೆಎಣ್ಣೆ ಹಾಕಿ ಶಾಫ್ಟನ್ನು ಉಜ್ಜಿಸಿದೆ. ಕಪ್ಪು ಸಿಪ್ಪೆಯ ಅಡಿಯಿಂದ ಕಾರ್ಖಾನೆಯವರು ಬೆಸೆದ ತಗಡಿನ ತುಂಡು ಹೊರಬಂತು. ಹಬ್‌ಗಳನ್ನು ಲಾಕ್‌ನಲ್ಲೇ ಇಟ್ಟು ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದೆವು. ನನ್ನ ಬರಿಗಾಲಿಗೆ ಏನೂ ತಿಳಿಯಲಿಲ್ಲ. ಶೆಟ್ಟರೂ ಮೆಲ್ಲಗೆ ಚಪ್ಪಲಿ ಬಿಚ್ಚಿ ನೋಡಿದರು.

ಗ್ಯಾರೇಜಿಗೆ ವಾಪಸ್ ಬಂದ ಮೇಲೆ ನಿಶಾಂತ್ ಬಿಡಲಿಲ್ಲ. ಲೇಪ ಹಾಕಿದ್ದು ಕಂಪನಿಯ ಪ್ರೊಸೀಜರ್, ಹಬ್ ಲಾಕ್ ಮಾಡದಿದ್ದರೆ ಏನೂ ಆಗುತ್ತಿರಲಿಲ್ಲ, ಮೂಲ ಕಾರಣ ಡ್ರೈವರೇ ಎಂದು ಹಿಂದಿಯಲ್ಲಿ ಪಠಿಸಿದ. ಶೆಟ್ಟರು, “ಅದು ಹೌದಲ್ಲ? ಲಾಕ್ ಮಾಡಿದ್ದು ಇವನೇ ಅಲ್ವಾ?” ಎಂದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಕಂಡಿದ್ದೆ. ಮಣ್ಣಾದ ಮೀಸೆಯನ್ನು ಇನ್ನೊಬ್ಬನ ಮುಖಕ್ಕೆ ಅಂಟಿಸುವವರನ್ನು ಅಂದು ಕಂಡೆ.

“ಮಲ್ಲಪ್ಪ,” ಎಂದೆ, “ಬೆಳಿಗ್ಗೆ ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ವಾಪಸ್ ಫ್ರೀ ಯಾಕೆ ಮಾಡಲಿಲ್ಲ?”

ಅವನು ಕೈಯಲ್ಲಿದ್ದ ಸೀಮೆಎಣ್ಣೆಯ ಬಟ್ಟೆಯನ್ನು ಮಡಚಿದ. “ಮಾಡಾಕ ಹೋಗಿದ್ನಿರಿ. ಧಣ್ಯಾರ ಬ್ಯಾಡಂದ್ರು. ಬದಲಾಪುರದಾಗ ಗಾಡಿ ಸಿಕ್ಕೊಂಡಾಗ ನಾ ಕೆಸರಾಗ ಕುಂತು ಹಬ್ ತಿರುವೂತನಕ ಇವ್ರ ಗೆಳೆಯಾರು ಹಿಂದಿನ ಗಾಡ್ಯಾಗಿಂದ ನೋಡಿ ನಕ್ರು. ಅದಕ್ಕ ಇವ್ರು, ಇನ್ನ ಮ್ಯಾಲ ಇದು ಲಾಕ್‌ನಾಗ ಇರ್ಲಿ, ಮತ್ತೊಮ್ಮೆ ಜನರ ಮುಂದ ಇಳ್ದು ತಿರುವೂದು ಬ್ಯಾಡಂತ ಹೇಳಿದ್ರು. ಧಣ್ಯಾರ ಮಾತು, ನಾ ಹೆಂಗ ಮೀರ್ಲಿರಿ?”

ಎಲ್ಲರೂ ಶೆಟ್ಟರ ಮುಖ ನೋಡಿದೆವು. 'ಹೇಳಿಲ್ಲ' ಎಂದು ಅವರು ಹೇಳಲಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು. ಅಂಗಿಯ ಮೇಲಿನ ಎಣ್ಣೆಯ ಚುಕ್ಕೆಗಳನ್ನು ಕರ್ಚೀಫಿನಿಂದ ಒರೆಸಿದರು, ಒರೆಸಿ ಇನ್ನಷ್ಟು ಹರಡಿದರು. ಆಮೇಲೆ ನನ್ನನ್ನು ಬದಿಗೆ ಕರೆದು, “ಮೇಡಂ, ರಿಪೋರ್ಟಲ್ಲಿ ಹಬ್ಬಿನ ವಿಷಯ ಬರೀಬೇಕು ಅಂತ ಎಂತ ಇಲ್ಲ ಅಲ್ವಾ?” ಎಂದರು. ಬೆಳಿಗ್ಗೆ ಅದೇ ವಿಷಯವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದವರು! ಈ ವೃತ್ತಿಯಲ್ಲಿ ನನಗೆ ಮನುಷ್ಯರ ಬಗ್ಗೆ ಇದ್ದ ಅಲ್ಪಸ್ವಲ್ಪ ಗೌರವವೂ ಕರಗಿದ ಗಳಿಗೆಗಳಲ್ಲಿ ಇದೊಂದು.

“ಬರೆಯುತ್ತೇನೆ,” ಎಂದೆ. “ಯಾರ ಅಪ್ಪಣೆಯಂತೆ ಲಾಕ್ ಆಗಿತ್ತು ಎಂಬುದನ್ನೂ ಬರೆಯುತ್ತೇನೆ. ಅದರಿಂದ ಗಾಡಿಗೆ ಏನೂ ಹಾನಿಯಿಲ್ಲ ಎಂದೂ ಬರೆಯುತ್ತೇನೆ. ನಿಮ್ಮ ಭಾವನವರಿಗೆ ತೋರಿಸಿ.”

ಅವರು ಜೋರಾಗಿ ನಕ್ಕರು. ದೊಡ್ಡ ಮನಸ್ಸಿನವರಂತೆ ಕೈಬೀಸಿ, “ಆಯ್ತು ಬಿಡಿ, ರಿಪೋರ್ಟ್ ಬೇಡ. ಅವನು ಇರ್ಲಿ. ನಾನೇನು ಅವನನ್ನು ಓಡಿಸ್ತೇನೆ ಅಂದಿದ್ದೆನಾ? ಏ ಮಲ್ಲಪ್ಪ, ನೀನು ಇರೋ ಮಾರಾಯ,” ಎಂದರು. ತಪ್ಪು ಮಾಡದವನಿಗೆ ಕ್ಷಮೆ ಕೊಡುವ ಆ ಠೀವಿಯನ್ನು ನೋಡಬೇಕಿತ್ತು.

ಮಲ್ಲಪ್ಪ ಬಟ್ಟೆಯನ್ನು ಗುಂಡಿಯ ಅಂಚಿನಲ್ಲಿಟ್ಟು ಕೈ ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಇರ್ತೀನ್ರಿ ಧಣಿ. ಮಾರ್ಚ್‌ದಾಗ ಮಗಳ ಪರೀಕ್ಷಾ ಮುಗೀತದ. ಮುಗಿದ ಮರುದಿನ ಗಾಡಿ ಚಾವಿ, ಖೋಲಿ ಚಾವಿ ಎರಡೂ ನಿಮ್ಮ ಕೈಯಾಗ ಕೊಡ್ತೀನ್ರಿ.”

ಶೆಟ್ಟರ ನಗು ಅರ್ಧಕ್ಕೆ ನಿಂತಿತು. ಮಲ್ಲಪ್ಪ ಹೇಳಿದ ಹಾಗೆಯೇ ಮಾಡಿದ. ಪರೀಕ್ಷೆ ಮುಗಿದ ಮರುದಿನ ಎರಡು ಚಾವಿಗಳನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೆಂಡತಿ ಮಗಳೊಂದಿಗೆ ಕಳಂಬೋಲಿಗೆ ಬಂದ. ಸರದಾರರು ರಿಪೇರಿಯಾದ ಟ್ರೇಲರುಗಳನ್ನು ಓಡಿಸಿ ನೋಡುವ ಕೆಲಸಕ್ಕೆ ಅವನನ್ನು ಇಟ್ಟುಕೊಂಡರು. ಹುಡುಗಿ ಪಾಸಾದಳು, ಪನವೇಲಿನ ಕಾಲೇಜಿಗೆ ಸೇರಿದಳು.

ನನಗೆ ಈ ಪ್ರಕರಣ ಕಲಿಸಿದ್ದು ಇಷ್ಟು. ಎಣ್ಣೆ ಎಲ್ಲಿ ಸೋರುತ್ತದೆ ಎಂದು ಹೇಳಲು ಎಂಜಿನಿಯರ್ ಬೇಕಿಲ್ಲ, ನೆಲದ ಮೇಲಿನ ಕಲೆಯೇ ಹೇಳುತ್ತದೆ. ಸೋರುವ ಸೀಲು ತಪ್ಪಿತಸ್ಥನಲ್ಲ, ಒಳಗಿನ ಒತ್ತಡಕ್ಕೆ ಮೊದಲು ಸೋಲುವ ಜಾಗ ಅದು. ಮೇಲಿನ ಕಿಂಡಿಯನ್ನು ಮುಚ್ಚಿದವರು ಯಾರು ಎಂದು ಕೇಳದೆ ಸೀಲನ್ನೇ ಬದಲಾಯಿಸುತ್ತ ಕೂತರೆ ಜನ್ಮವಿಡೀ ಬದಲಾಯಿಸುತ್ತಲೇ ಇರಬೇಕು. ಇದನ್ನು ನಾನು ಆಮೇಲೆ ಹಲವು ತರಬೇತಿಗಳಲ್ಲಿ ಹುಡುಗರಿಗೆ ಹೇಳಿದ್ದೇನೆ. ಅವರು ಬರೆದುಕೊಂಡಿದ್ದಾರೆ. ಬರೆದುಕೊಂಡವರೆಲ್ಲ ಕಿಂಡಿ ಮುಟ್ಟಿ ನೋಡುತ್ತಾರೆಂಬ ಭ್ರಮೆ ನನಗಿಲ್ಲ.

ಯಾಕೆಂದರೆ ಮರುವರ್ಷ ಮಳೆ ಹಿಡಿದ ಮೇಲೆ ಒಂದು ದಿನ ಮತ್ತೆ ಶೆಟ್ಟರ ಫೋನ್ ಬಂತು. ಮೇಯಲ್ಲಿ ಅದೇ ವರ್ಕ್‌ಶಾಪಿನಲ್ಲಿ ಸರ್ವಿಸ್ ಮಾಡಿಸಿದ್ದರಂತೆ. ಅಡಿಗೆಲ್ಲ ಹೊಸದಾಗಿ ಕಪ್ಪು ಬಳಿಸಿದ್ದಾರಂತೆ, ಕನ್ನಡಿಯ ಹಾಗೆ ಹೊಳೆಯುತ್ತದಂತೆ.

“ಆದ್ರೆ ಮೇಡಂ, ಆಯಿಲ್ ಪುನಃ ಸೋರ್ತಾ ಉಂಟು,” ಎಂದರು. “ಈ ಹೊಸ ಡ್ರೈವರ್ ಕೂಡ ಸರಿ ಇಲ್ಲ.”